ಎಣ್ಣೆಯೊಳಗಿನ ನೀರು

ಆಷಾಢದ ಮಳೆ ಹಿಡಿದು ಎರಡು ವಾರಗಳಾಗಿದ್ದ ತೀರ್ಥಹಳ್ಳಿಯಲ್ಲಿ ಒಂದು ಬೆಳಗಿನ ಹೊತ್ತು, ಪ್ರೌಢಶಾಲೆಯ ಮಕ್ಕಳಿಗೆ ಬಹುಕಾಲ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ಒಬ್ಬ ಮೇಷ್ಟರಿಗೂ, ಬಸ್ಸಿನ ಡಿಪೋದಲ್ಲಿ ಅಷ್ಟೇ ಕಾಲ ಎಂಜಿನ್ನುಗಳನ್ನು ಬಿಚ್ಚಿ ಕಟ್ಟಿ ಈಗ ಮನೆಯ ಮುಂದಣ ತಗಡಿನ ಮಾಡಿನ ಕೆಳಗೆ ಕಾರುಗಳನ್ನು ನೋಡುತ್ತಿರುವ ಒಬ್ಬ ಮೇಸ್ತ್ರಿಗೂ ನಡೆದ ಮಾತುಕತೆಯಿದು. ಮೇಷ್ಟರು, ಮೇಸ್ತ್ರಿ ಎಂಬೆರಡು ಪದಗಳೂ, ಒಂದು ಇಂಗ್ಲಿಷಿನ ದಾರಿಯಿಂದ, ಇನ್ನೊಂದು ಪೋರ್ಚುಗೀಸಿನ ದಾರಿಯಿಂದ, ಲ್ಯಾಟಿನ್ನಿನ ಒಂದೇ ಶಬ್ದವನ್ನು ಬಿಟ್ಟು ಹೊರಟು ನಮ್ಮಲ್ಲಿಗೆ ಬಂದುವಾದುದರಿಂದ, ಇವರಿಬ್ಬರಲ್ಲಿ ಗುರು ಯಾರು ಎಂಬ ಪ್ರಮೇಯವನ್ನು ಇತ್ಯರ್ಥಪಡಿಸುವ ಗೋಜಿಗೆ ನಾನು ಹೋಗಿಲ್ಲ. ಬೆಂಚಿನ ತುದಿಯಲ್ಲಿ ಕುಳಿತು ಕೇಳಿದವನು ಮಾತ್ರ ನಾನು.

ಮೇಷ್ಟರು: ನಿನ್ನೆ ಸಂಜೆ ನಾನು ಕಾರನ್ನು ತಂದಾಗ ತಾವು ಬಾನೆಟ್ಟನ್ನೂ ಎತ್ತಲಿಲ್ಲ, ಏನೆಂದೂ ಕೇಳಲಿಲ್ಲ, ಇಲ್ಲೇ ಬಿಟ್ಟು ಹೋಗಿ, ಬೆಳಗಾಗುವ ಪರ್ಯಂತ ಯಾರೂ ಚಾವಿ ತಿರುಗಿಸಕೂಡದು ಎಂದು ಅಪ್ಪಣೆ ಕೊಟ್ಟು ಒಳಗೆ ನಡೆದುಬಿಟ್ಟಿರಿ. ನನಗೋ ರಾತ್ರಿಯೆಲ್ಲ ನಿದ್ರೆಯಿಲ್ಲ.

ಮೇಸ್ತ್ರಿ: ತಮ್ಮ ನಿದ್ರೆ ಕೆಟ್ಟುದು ನಷ್ಟವೇ. ಆದರೆ ಎಂಜಿನ್ನು ಚೆನ್ನಾಗಿ ಮಲಗಿತು. ನನಗೆ ಬೇಕಾಗಿದ್ದುದು ಅದು. ಏಕೆಂಬುದನ್ನು ಸಮಯ ಬಂದಾಗ ಹೇಳುತ್ತೇನೆ. ಮೊದಲು ರೋಗಿಯ ಕಥೆಯಾಗಲಿ.

ಮೇಷ್ಟರು: ಕಥೆಯೇನು ದೊಡ್ಡದಲ್ಲ. ಎಣ್ಣೆ ಬದಲಾಯಿಸಲೆಂದು ಪೇಟೆಯ ಒಂದು ಗ್ಯಾರೇಜಿಗೆ ಹೋಗಿದ್ದೆ. ಅಲ್ಲಿಯ ಹುಡುಗನು ಎಂಜಿನ್ನಿನ ನೆತ್ತಿಯ ಮೇಲಿರುವ ಎಣ್ಣೆಯ ಮುಚ್ಚಳವನ್ನು ತಿರುಗಿಸಿ ತೆಗೆದು, ಅದರ ಒಳಮೈಗೆ ಮೆತ್ತಿಕೊಂಡಿದ್ದ, ಎಮ್ಮೆಯ ಬೆಣ್ಣೆಗೆ ಚೂರು ಅರಿಶಿನ ಬೆರೆಸಿದಂಥ ಬಣ್ಣದ ಲೇಪವನ್ನು ಬೆರಳಿನಿಂದ ಸವರಿ ನನ್ನ ಮೂಗಿನ ಮುಂದೆ ಹಿಡಿದು, ‘ಸಾರ್, ಆಯಿಲ್‌ಗೆ ಕೂಲೆಂಟ್ ಸೇರಿಬಿಟ್ಟಿದೆ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು, ಏನಿಲ್ಲವೆಂದರೂ 30,000 ಆಗುತ್ತೆ’ ಎಂದನು. ಆ ಲೇಪವನ್ನು ನಾನೂ ಕಣ್ಣಾರೆ ಕಂಡೆ. ಎಣ್ಣೆಯಲ್ಲಿ ನೀರು ಸೇರಿದ ಹೊರತು ಹಾಗೆ ಬಿಳಿಚಿಕೊಳ್ಳುವುದಿಲ್ಲವೆಂಬುದನ್ನು ನಾನೇ ಮಕ್ಕಳಿಗೆ ಪಾಠ ಹೇಳಿದವನು. ಅವನ ಮಾತಿಗೆ ಎದುರಾಡುವ ಬಾಯಿ ನನಗಿರಲಿಲ್ಲ.

ಮೇಸ್ತ್ರಿ: ಆ ಹುಡುಗ ಡಿಪ್‌ಸ್ಟಿಕ್ಕನ್ನು ಎಳೆದು ನೋಡಿದನೆ?

ಮೇಷ್ಟರು: ಇಲ್ಲ.

ಮೇಸ್ತ್ರಿ: ಕೂಲೆಂಟಿನ ಟ್ಯಾಂಕು ಎಷ್ಟರ ಮಟ್ಟಿಗಿದೆಯೆಂದು? ಗಾಡಿ ಹೀಟ್ ಆಗುತ್ತದೆಯೇ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿಯ ಹೊಗೆ ಬಿಡದೆ ಬರುತ್ತದೆಯೇ ಎಂದು?

ಮೇಷ್ಟರು: ಏನೂ ಕೇಳಲಿಲ್ಲ. ಕಾರು ಒಂದು ದಿನವೂ ಹೀಟ್ ಆದುದಿಲ್ಲ.

ಮೇಸ್ತ್ರಿ: ಹಾಗಾದರೆ ಅವನು ಕಂಡದ್ದು ಸರಿ, ಹೇಳಿದ್ದು ಮಾತ್ರ ಅವಸರದ್ದು. ಈ ಕಾರು ದಿನಕ್ಕೆ ಎಷ್ಟು ಓಡುತ್ತದೆ, ಮೇಷ್ಟರೆ?

ಮೇಷ್ಟರು: ಓಡುವುದೆಂದರೆ ಏನು? ಬೆಳಿಗ್ಗೆ ರಾಮೇಶ್ವರ ದೇವಸ್ಥಾನಕ್ಕೆ, ಅಲ್ಲಿಂದ ಪೇಟೆಗೆ, ಪೇಟೆಯಿಂದ ಮನೆಗೆ. ಎಲ್ಲ ಸೇರಿ 3 ಕಿಲೋಮೀಟರ್ ಆದರೆ ಹೆಚ್ಚು. ಮಳೆ ಹಿಡಿದ ಮೇಲೆ ಶಿವಮೊಗ್ಗೆಯ ಕಡೆ ಮುಖ ಹಾಕಿಲ್ಲ.

ಮೇಸ್ತ್ರಿ: ನನಗೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ತಮ್ಮ ಶಾಸ್ತ್ರದಲ್ಲೇ ಇದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಎಷ್ಟು ನೀರು ಹುಟ್ಟುತ್ತದೆಂದು ಲೆಕ್ಕ ಹಾಕಿ ಹೇಳಿ ನೋಡೋಣ.

ಮೇಷ್ಟರು: ಪೆಟ್ರೋಲನ್ನು ಆಕ್ಟೇನ್ ಎಂದೇ ಭಾವಿಸೋಣ. 114 ಗ್ರಾಂ ಆಕ್ಟೇನು ಪೂರ್ಣವಾಗಿ ದಹಿಸಿದರೆ 162 ಗ್ರಾಂ ನೀರು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿಗೆ ಸ್ವಲ್ಪ ಕಡಿಮೆ ಎಂದಿಟ್ಟುಕೊಂಡರೆ... ಆಹಾ, ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆಗುತ್ತದೆ! ಮೂವತ್ತು ವರ್ಷ ಈ ಸಮೀಕರಣವನ್ನು ಹಲಗೆಯ ಮೇಲೆ ಬರೆದೆ. ಪೆಟ್ರೋಲು ಹಾಕಿಸಿದಷ್ಟೇ ನೀರನ್ನು ನನ್ನ ಕಾರು ಊರತುಂಬ ಚೆಲ್ಲುತ್ತ ಹೋಗುತ್ತಿದೆಯೆಂದು ಮಾತ್ರ ಒಂದು ದಿನವೂ ಹೊಳೆಯಲಿಲ್ಲ.

ಮೇಸ್ತ್ರಿ: ಬಹುಪಾಲು ಸೈಲೆನ್ಸರಿನಿಂದ ಹಬೆಯಾಗಿ ಹೊರಟುಹೋಗುತ್ತದೆ. ಆದರೆ ಪಿಸ್ಟನ್ನಿನ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಒಂದಷ್ಟು ಹೊಗೆ ಪಕ್ಕದಿಂದ ನುಸುಳಿ ಕೆಳಗೆ ಎಣ್ಣೆಯ ಚೇಂಬರಿಗೆ ಇಳಿದೇ ಇಳಿಯುತ್ತದೆ. ಅದರೊಡನೆ ಹಬೆಯೂ ಇಳಿಯುತ್ತದೆ. ಎಂಜಿನ್ನು ಅರ್ಧ ಗಂಟೆ ಬಿಡದೆ ಓಡಿ ಎಣ್ಣೆ ಚೆನ್ನಾಗಿ ಕಾದರೆ ಆ ಹಬೆ ಉಸಿರುಕೊಳವೆಯ ಮೂಲಕ ಮತ್ತೆ ಮೇಲಕ್ಕೆ ಸೆಳೆಯಲ್ಪಟ್ಟು ಸೈಲೆನ್ಸರಿನಿಂದ ಹೊರಟು ಹೋಗುತ್ತದೆ. ತಾವು ದೇವಸ್ಥಾನ ಮುಟ್ಟುವ ಹೊತ್ತಿಗೆ ಮೀಟರಿನ ಮುಳ್ಳು ಏಳಲೂ ಶುರುವಾಗಿರುವುದಿಲ್ಲ. ಮುಳ್ಳು ಎದ್ದ ಮೇಲೂ ಎಣ್ಣೆ ಬಿಸಿಯಾಗಲು ಇನ್ನೂ ಹತ್ತು ಹದಿನೈದು ನಿಮಿಷ ಬೇಕು, ಏಕೆಂದರೆ ಮುಳ್ಳು ತೋರಿಸುವುದು ನೀರಿನ ಬಿಸಿಯನ್ನೇ ಹೊರತು ಎಣ್ಣೆಯದನ್ನಲ್ಲ. ಅನ್ನ ಬೇಯುವ ಪಾತ್ರೆಯ ಮುಚ್ಚಳವನ್ನೆತ್ತಿದರೆ ಒಳಗಡೆ ಹನಿ ಕಟ್ಟಿರುವುದಿಲ್ಲವೆ? ಎಂಜಿನ್ನಿನಲ್ಲಿ ತಣ್ಣಗಿರುವ ಜಾಗಗಳಲ್ಲಿ ಒಂದು ಈ ಎಣ್ಣೆಯ ಮುಚ್ಚಳ. ಹಬೆ ಅಲ್ಲಿ ಹನಿಯಾಗುತ್ತದೆ, ಎಣ್ಣೆಯ ತುಂತುರು ಬಂದು ಆ ಹನಿಗೆ ಬೀಳುತ್ತದೆ, ಎರಡೂ ಸೇರಿ ಬೆಣ್ಣೆ. ಮಲೆನಾಡಿನ ಮಳೆಗಾಲದಲ್ಲಿ ಗಿಡ್ಡ ಓಡಾಟದ ಕಾರುಗಳ ಮುಚ್ಚಳ ತೆಗೆದರೆ ಹಲವಕ್ಕೆ ಈ ಬೆಣ್ಣೆ ಇರುತ್ತದೆ. ಅವಕ್ಕೆಲ್ಲ ಹೆಡ್ ಇಳಿಸಲು ಹೊರಟರೆ ಶಿವಮೊಗ್ಗೆಯ ಲೇತಿನವರಿಗೆ ಬಿಡುವೇ ಇರದು.

ಮೇಷ್ಟರು: ಹಾಗಾದರೆ ನಾನು ಕಾರನ್ನು ತೆಗೆದುಕೊಂಡು ಮನೆಗೆ ಹೋಗಬಹುದಲ್ಲ!

ಮೇಸ್ತ್ರಿ: ನೋಡಿದಿರಾ, ಆ ಹುಡುಗನ ಅವಸರ ತಮಗೂ ಅಂಟಿತು. ಮುಚ್ಚಳದ ಬೆಣ್ಣೆಯಿಂದ ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದು ಹೇಳಲಾಗದೆಂದೆನೇ ವಿನಾ, ಹೋಗಿಲ್ಲವೆಂದು ನಾನು ಹೇಳಲಿಲ್ಲ. ಬನ್ನಿ, ಡಿಪ್‌ಸ್ಟಿಕ್ಕು ನೋಡೋಣ.

ಮೇಸ್ತ್ರಿ ಕಡ್ಡಿಯನ್ನು ಎಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ, ಮತ್ತೆ ಪೂರಾ ಇಳಿಸಿ ತೆಗೆದು, ಬಿಳಿಯ ಕಾಗದವೊಂದರ ಮೇಲೆ ಅದರ ತುದಿಯನ್ನು ಒತ್ತಿದರು. ಬಿದ್ದ ಗುರುತು ಕಪ್ಪಿಗೆ ಹತ್ತಿರದ ಕಂದು. ಅಂಚಿನಲ್ಲಿ ಜೋನಿಬೆಲ್ಲದ ಹೊಳಪು. ಬಿಳಿಪಿನ ಎಳೆಯೊಂದೂ ಇರಲಿಲ್ಲ. ಮಟ್ಟವು ಮೇಲಿನ ಗುರುತಿಗಿಂತ ಒಂದು ಅಕ್ಕಿಕಾಳಿನಷ್ಟು ಕೆಳಗಿತ್ತು.

ಮೇಸ್ತ್ರಿ: ನೀರು ನಿಜವಾಗಿ ಸೇರಿದ ಎಣ್ಣೆ ಇಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿರುತ್ತದೆ. ನಿಮಿಷಕ್ಕೆ ಎರಡು ಮೂರು ಸಾವಿರ ಸಲ ತಿರುಗುವ ಕ್ರ್ಯಾಂಕಿಗಿಂತ ದೊಡ್ಡ ಕಡೆಗೋಲು ಯಾವ ಮನೆಯಲ್ಲಿದೆ? ಮೇಲಿನ ಮುಚ್ಚಳದಲ್ಲಿ ಮಾತ್ರ ಬೆಣ್ಣೆಯಿದ್ದು ಕೆಳಗಿನ ಎಣ್ಣೆ ಎಣ್ಣೆಯಾಗಿಯೇ ಇದ್ದರೆ ಅದು ಬೆವರು. ಕೆಳಗೂ ಮೇಲೂ ಒಂದೇ ಬಣ್ಣವಿದ್ದರೆ ಅದು ರೋಗ. ಇನ್ನು ಮಟ್ಟ. ಕೂಲೆಂಟು ಇಳಿದರೆ ಎಣ್ಣೆಯ ಮಟ್ಟ ಏರುತ್ತದೆ. ಎಣ್ಣೆ ಕುಡಿಯುವ ಬದಲು ದಿನದಿನಕ್ಕೂ ಹೆಚ್ಚಿಸಿಕೊಳ್ಳುವ ಎಂಜಿನ್ನನ್ನು ಕಂಡು, ಲಾಭದ ಗಾಡಿಯೆಂದು ಹಿಗ್ಗಿದ ಮಾಲಿಕರೊಬ್ಬರನ್ನು ನಾನು ಬಲ್ಲೆ. ತಮ್ಮದು ಏರಿಲ್ಲ. ಟ್ಯಾಂಕನ್ನು ಈಗ ನೋಡಿ.

ಮೇಷ್ಟರು: ಅಯ್ಯೋ, ಕೆಳಗಿನ ಗೆರೆಗಿಂತಲೂ ಒಂದು ಬೆರಳು ಕೆಳಗಿದೆ! ಯುಗಾದಿಯ ಹೊತ್ತಿಗೆ ಮೇಲಿನ ಗೆರೆಯ ತನಕ ತುಂಬಿಸಿದ್ದೆನು. ಇದು ಆವಿಯಾಗಿ ಹೋಗಿರಬಹುದೆ?

ಮೇಸ್ತ್ರಿ: ಆವಿಯಾಗಿ ಹೋಗಲು ಇದು ಬೆಂಜ್ ದಂಪತಿಗಳ ಕಾಲದ ಗಾಡಿಯಲ್ಲವಲ್ಲ. ತಾವೇ ಒಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಕಥೆ ಹೇಳಿದ್ದಿರಿ.

ಮೇಷ್ಟರು: 1888ರಲ್ಲಿ ಬರ್ತಾ ಬೆಂಜ್ ಎಂಬ ಆ ಸಾಹಸಿ ಗೃಹಿಣಿ, ಗಂಡನಿಗೆ ತಿಳಿಸದೆ, ಇಬ್ಬರು ಮಕ್ಕಳೊಡನೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಮೂರು ಚಕ್ರದ ಆ ಗಾಡಿಯಲ್ಲಿ ಕ್ರಮಿಸಿದಳು. ಎಂಜಿನ್ನಿನ ಸುತ್ತಣ ನೀರು ಕುದಿಕುದಿದು ಆರಿಹೋಗುತ್ತಿತ್ತಾದುದರಿಂದ ದಾರಿಯುದ್ದಕ್ಕೂ ನೀರನ್ನು ಹುಡುಕಿ ಹುಡುಕಿ ತುಂಬಬೇಕಾಯಿತು. ಅಂದಿನ ವ್ಯವಸ್ಥೆಯೇ ಅಂಥದು: ಶಾಖವನ್ನು ನೀರು ತನ್ನ ಪ್ರಾಣದೊಂದಿಗೆ ಒಯ್ಯಬೇಕು. ತರುವಾಯ ರೇಡಿಯೇಟರು ಬಂದಿತು. 1927ರ ಸುಮಾರಿಗೆ ಅಮೆರಿಕದಲ್ಲಿ ಎಥಿಲೀನ್ ಗ್ಲೈಕಾಲನ್ನು ಈ ಕೆಲಸಕ್ಕೆಂದೇ ಮಾರತೊಡಗಿದರು. ಅರ್ಧ ನೀರು, ಅರ್ಧ ಗ್ಲೈಕಾಲ್ ಬೆರೆಸಿದರೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಮುಚ್ಚಳವೊತ್ತಿ ಒತ್ತಡದಲ್ಲಿಟ್ಟರೆ 120 ಡಿಗ್ರಿ ದಾಟಿದರೂ ಕುದಿಯದು.

ಮೇಸ್ತ್ರಿ: ನಮ್ಮೂರಿನಲ್ಲಿ ಹೆಪ್ಪುಗಟ್ಟುವ ಭಯವಿಲ್ಲ, ತುಕ್ಕು ಹಿಡಿಯದ ಹಾಗೆ, ಕುದಿಯದ ಹಾಗೆ ಅದು ಬೇಕು. ಅಂಬಾಸಿಡರಿನ ಕಾಲದಲ್ಲಿ ಹೊಳೆಯ ನೀರನ್ನೇ ಹೊಯ್ದು ಓಡಿಸಿದೆವು, ಅದಿರಲಿ. ಈಗಿನದು ಮುಚ್ಚಿದ ಮಂಡಲ. ಮುಚ್ಚಿದ ಮಂಡಲದಲ್ಲಿ ನೀರು ಕಡಿಮೆಯಾದರೆ ಅದು ಎಲ್ಲಿಗೋ ಹೋಗಿರಲೇಬೇಕು: ಒಂದೋ ಹೊರಗೆ ನೆಲಕ್ಕೆ, ಇಲ್ಲವೆ ಉರಿಯುವ ಸಿಲಿಂಡರಿಗೆ, ಇಲ್ಲವೆ ಎಣ್ಣೆಗೆ. ಈ ಟ್ಯಾಂಕು ಹೇಳುವ ಮಾತು ಮುಚ್ಚಳದ ಬೆಣ್ಣೆಗಿಂತ ಗಂಭೀರವಾದದ್ದು. ಆ ಹುಡುಗ ನೋಡಬೇಕಾಗಿದ್ದುದನ್ನು ಬಿಟ್ಟು ಬೇರೆಯದನ್ನು ನೋಡಿ ಹೆದರಿಸಿದ.

ಮೇಷ್ಟರು: ನಮ್ಮ ತಂದೆಯವರು ಆಯುರ್ವೇದ ಪಂಡಿತರಾಗಿದ್ದರು. ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂದು ರೋಗವನ್ನು ಅರಿಯುವ ಐದು ದಾರಿಗಳನ್ನು ನಿತ್ಯವೂ ಪಠಿಸುತ್ತಿದ್ದರು. ಜ್ವರವೆಂಬುದು ರೂಪ, ಅದು ಯಾವ ಬಾಗಿಲಿನಿಂದ ಒಳಹೊಕ್ಕು ಹೇಗೆ ಬಲಿಯಿತೆಂಬುದು ಸಂಪ್ರಾಪ್ತಿ. ಈಗ ನನಗೆ ಸಂಪ್ರಾಪ್ತಿ ಬೇಕು. ಎಣ್ಣೆಗೂ ನೀರಿಗೂ ನಡುವೆ ಬಾಗಿಲುಗಳೆಷ್ಟು?

ಮೇಸ್ತ್ರಿ: ಬಾಗಿಲು ಒಂದಲ್ಲ. ಬ್ಲಾಕಿನಿಂದ ಹೆಡ್ಡಿಗೆ ನೀರಿನ ತೂತುಗಳೂ ಎಣ್ಣೆಯ ತೂತುಗಳೂ ಅಕ್ಕಪಕ್ಕದಲ್ಲೇ ಏರುತ್ತವೆ. ನಡುವೆ ತಡೆಯಿರುವುದು ಗ್ಯಾಸ್ಕೆಟ್ಟಿನ ಬೆರಳಗಲದ ಪಟ್ಟಿ. ಅದು ಸುಟ್ಟರೆ ಒಂದು ಬಾಗಿಲು. ಎಂಜಿನ್ನು ಒಮ್ಮೆ ವಿಪರೀತ ಕಾದು ಹೆಡ್ಡೇ ಬಿರಿದರೆ ಇನ್ನೊಂದು. ಬಸ್ಸು ಲಾರಿಗಳ ದೊಡ್ಡ ಡೀಸೆಲ್ಲಿನಲ್ಲಿ ಲೈನರಿನ ಬುಡಕ್ಕಿರುವ ರಬ್ಬರಿನ ಉಂಗುರ ಸೋತರೆ ನೀರು ನೇರವಾಗಿ ಚೇಂಬರಿಗೇ ಇಳಿಯುತ್ತದೆ. ಡಿಪೋದಲ್ಲಿ ನಾನು ಹೆಚ್ಚು ಕಂಡದ್ದು ಅದನ್ನೇ. ಮರೆತುಬಿಡುವ ಬಾಗಿಲು ಮಾತ್ರ ಮತ್ತೊಂದಿದೆ: ಆಯಿಲ್ ಕೂಲರ್. ಎಣ್ಣೆಯನ್ನು ತಣಿಸಲೆಂದು ಫಿಲ್ಟರಿನ ಹತ್ತಿರ, ತಟ್ಟೆಯ ಮೇಲೆ ತಟ್ಟೆ ಜೋಡಿಸಿದಂತೆ ಕಟ್ಟಿದ ಒಂದು ಗಂಟು. ಒಂದು ಪದರದಲ್ಲಿ ಎಣ್ಣೆ, ಮುಂದಿನದರಲ್ಲಿ ಕೂಲೆಂಟು. ನಡುವಣ ತಗಡು ಕೊರೆದು ತೂತಾದರೆ ಮುಗಿಯಿತು. ಈ ಬಾಗಿಲನ್ನು ಮರೆತು ನಾನೇ ಒಮ್ಮೆ ಮುಖಭಂಗ ಪಟ್ಟವನು.

ಮೇಷ್ಟರು: ತಾವೆ?

ಮೇಸ್ತ್ರಿ: ಕೊಪ್ಪದ ಕಡೆಯ ತೋಟದವರೊಬ್ಬರ ಡೀಸೆಲ್ ಜೀಪು. ಕೂಲೆಂಟಿನ ಟ್ಯಾಂಕಿನ ಮುಚ್ಚಳ ತೆಗೆದರೆ ಹುಣಸೆಹುಳಿಯ ಗಸಿಯಂಥ ಕಂದು ಮಡ್ಡಿ. ನೋಡಿದ ತತ್‌ಕ್ಷಣ ಗ್ಯಾಸ್ಕೆಟ್ ಎಂದೆ. ಕೈಕೆಳಗಿನ ಹುಡುಗರ ಮುಂದೆ ಯೋಚಿಸುವುದಕ್ಕೆ ಬಿಗುಮಾನ. ಹೆಡ್ ಇಳಿಸಿ, ಅದರ ಮುಖದ ಮೇಲೆ ಉಕ್ಕಿನ ನೇರಪಟ್ಟಿಯನ್ನಿಟ್ಟು, ಫೀಲರ್ ಗೇಜಿನ 0.05 ಮಿಲಿಮೀಟರಿನ ಎಲೆಯನ್ನು ಅಡಿಯಲ್ಲಿ ತೂರಿಸಿ ನೋಡಿದೆ; ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ, ಎಲ್ಲಿಯೂ ಅದು ತೂರಲಿಲ್ಲ. ಹೆಡ್ ಸಪಾಟಾಗಿದೆ, ಗ್ಯಾಸ್ಕೆಟ್ಟಿನ ಮೇಲೆ ಸುಟ್ಟ ಗುರುತಿಲ್ಲ. ಇಷ್ಟು ಸಾಕ್ಷಿ ನನ್ನ ಮುಂದೆಯೇ ನಿಂತಿತ್ತು, ಮೇಷ್ಟರೆ. ಆದರೂ ಬಿಚ್ಚಿದ ಮೇಲೆ ಏನಾದರೂ ಮಾಡಬೇಕಲ್ಲ ಎಂದು ಲೇತಿಗೆ ಕಳುಹಿಸಿ ಮುಖ ಹೊಡೆಸಿ, ಹೊಸ ಗ್ಯಾಸ್ಕೆಟ್ ಹಾಕಿ ಕಟ್ಟಿಕೊಟ್ಟೆ. ಎಂಟನೆಯ ದಿನ ಜೀಪು ಅದೇ ಮಡ್ಡಿಯನ್ನು ಹೊತ್ತು ಬಂದಿತು. ಆಗ ಕೂಲರನ್ನು ಬಿಚ್ಚಿ, ಒಂದು ಬಾಯನ್ನು ರಬ್ಬರಿನಿಂದ ಮುಚ್ಚಿ, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಗಾಳಿ ಹಾಕಿದರೆ ಗುಳುಗುಳು ಗುಳ್ಳೆ. ಆ ಸಲದ ಕೂಲಿಯನ್ನು ನಾನು ಮುಟ್ಟಲಿಲ್ಲ. ಆದರೆ ಗ್ಯಾಸ್ಕೆಟ್ಟಿನದೂ ಲೇತಿನದೂ ಅವರ ಕೈಯಿಂದಲೇ ಹೋಯಿತು.

ಮೇಷ್ಟರು: ಒಂದು ಸಂದೇಹ. ಆ ಜೀಪಿನಲ್ಲಿ ಎಣ್ಣೆ ನೀರಿಗೆ ಸೇರಿತು. ಇಲ್ಲಿ ನಾವು ಹೆದರುವುದು ನೀರು ಎಣ್ಣೆಗೆ ಸೇರಿತೆಂದು. ಒಂದೇ ತೂತಿನಲ್ಲಿ ಈ ಎರಡೂ ಹೇಗೆ?

ಮೇಸ್ತ್ರಿ: ಈ ಪ್ರಶ್ನೆಯನ್ನು ಅಂದು ನಾನೇ ಕೇಳಿಕೊಂಡಿದ್ದರೆ ಹೆಡ್ ಇಳಿಸುತ್ತಿರಲಿಲ್ಲ. ಎಂಜಿನ್ನು ಓಡುವಾಗ ಎಣ್ಣೆಯ ಒತ್ತಡ 3 ರಿಂದ 4 ಬಾರ್. ನೀರಿನದು ಹೆಚ್ಚೆಂದರೆ 1 ಬಾರಿನ ಆಸುಪಾಸು. ಬಲವಿದ್ದವನು ಬಲವಿಲ್ಲದವನ ಮನೆಗೆ ನುಗ್ಗುತ್ತಾನೆ. ಆದುದರಿಂದ ಓಡುವಾಗ ಎಣ್ಣೆ ನೀರಿಗೆ. ಚಾವಿ ತಿರುಗಿಸಿ ನಿಲ್ಲಿಸಿದಿರೋ, ಎಣ್ಣೆಯ ಪಂಪು ನಿಂತು ಅದರ ಒತ್ತಡ ಕ್ಷಣದಲ್ಲಿ ಸೊನ್ನೆ. ನೀರು ಮಾತ್ರ ಇನ್ನೂ ಕಾದಿದೆ, ಮುಚ್ಚಳದ ಕೆಳಗೆ ಉಬ್ಬಿಕೊಂಡಿದೆ, ತಣಿಯುವ ತನಕ ಗಂಟೆಗಟ್ಟಲೆ ಅದರ ಆಳ್ವಿಕೆ. ಆಗ ನೀರು ಎಣ್ಣೆಗೆ. ಹಗಲು ಹೋದವನ ಮನೆಗೆ ರಾತ್ರಿ ಇವನು ಬರುತ್ತಾನೆ. ಈ ಎರಡೂ ಕಡೆಯ ಓಡಾಟ ಕಂಡುಬಂದರೆ ಮೊದಲು ಕೂಲರನ್ನು ಸಂಶಯಿಸಬೇಕು. ಗ್ಯಾಸ್ಕೆಟ್ಟು ಸಿಲಿಂಡರಿನ ಕಡೆಗೆ ಸುಟ್ಟಿದ್ದರೆ ಲಕ್ಷಣ ಬೇರೆ: ಸ್ಟಾರ್ಟ್ ಮಾಡಿದ ಎರಡು ನಿಮಿಷದಲ್ಲೇ, ನೀರು ಬಿಸಿಯಾಗುವ ಮೊದಲೇ, ಮೇಲಿನ ಹೋಸು ಕಲ್ಲಾಗುತ್ತದೆ, ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತದೆ.

ಮೇಷ್ಟರು: ಅದನ್ನು ಹಿಡಿಯುವ ನೀಲಿಯ ದ್ರವವೊಂದಿದೆಯಲ್ಲವೆ? ಬ್ರೋಮೋಥೈಮಾಲ್ ಬ್ಲೂ. ಟ್ಯಾಂಕಿನ ಗಾಳಿಯನ್ನು ಅದರೊಳಗೆ ಹಾಯಿಸಿದರೆ, ಇಂಗಾಲದ ಡೈಆಕ್ಸೈಡಿನ ಸೋಂಕಿದ್ದಲ್ಲಿ ಹಳದಿಗೆ ತಿರುಗುತ್ತದೆ. ಕೊಳವೆಯಿಂದ ಊದಿ ಮಕ್ಕಳಿಗೆ ತೋರಿಸಿದ್ದೇನೆ.

ಮೇಸ್ತ್ರಿ: ಶಿವಮೊಗ್ಗೆಯ ಗ್ಯಾರೇಜುಗಳಲ್ಲಿ ಇದೆ, ನನ್ನಲ್ಲಿಲ್ಲ. ಅದು ಹಳದಿಯಾದರೆ ಸಿಲಿಂಡರಿನ ಹೊಗೆ ನೀರಿಗೆ ಬರುತ್ತಿದೆಯೆಂದು ಖಾತ್ರಿ. ನೀಲಿಯಾಗಿಯೇ ಉಳಿದರೆ? ಆಗ ಗ್ಯಾಸ್ಕೆಟ್ಟು ನಿರ್ದೋಷಿಯೆಂದು ಬರೆದುಕೊಡುವವರಿದ್ದಾರೆ. ಗ್ಯಾಸ್ಕೆಟ್ಟು ಎಣ್ಣೆಯ ತೂತಿಗೂ ನೀರಿನ ತೂತಿಗೂ ನಡುವೆ ಮಾತ್ರ ಹರಿದಿದ್ದರೆ ಅಲ್ಲಿ ಹೊಗೆಯ ಸಂಬಂಧವೇ ಇಲ್ಲ. ದ್ರವ ನೀಲಿಯಾಗಿದ್ದೇ ಎಣ್ಣೆ ಹಾಲಾಗಬಹುದು. ಈಗ ನಿನ್ನೆಯ ರಾತ್ರಿಯ ಗುಟ್ಟು ಹೇಳುತ್ತೇನೆ, ಬಗ್ಗಿ ನೋಡಿ. ಕೂಲೆಂಟು ಎಣ್ಣೆಗಿಂತ ತೂಕ. ಗಾಡಿ ರಾತ್ರಿಯೆಲ್ಲ ಅಲುಗದೆ ನಿಂತರೆ, ಎಣ್ಣೆಯೊಳಗೆ ಬಿಡಿಯಾಗಿ ಉಳಿದ ನೀರು ಮೆಲ್ಲನೆ ಚೇಂಬರಿನ ತಳಕ್ಕೆ ಕೂರುತ್ತದೆ. ತಳದ ಡ್ರೈನ್ ಬೋಲ್ಟನ್ನು ಒಮ್ಮೆಗೇ ತೆಗೆಯದೆ, ಎರಡು ಸುತ್ತು ಸಡಿಲಿಸಿ ಮೊದಲ ಹನಿಗಳನ್ನು ಹಿಡಿದರೆ, ಮೊದಲು ಬೀಳುವುದು ಅದೇ.

ಮಳೆಯ ಸದ್ದಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮೇಸ್ತ್ರಿ ಗೋಣಿತಾಟು ಹಾಸಿ ಕಾರಿನಡಿಗೆ ಜಾರಿ, ಸ್ಪ್ಯಾನರನ್ನು ಅಂಗುಲದಷ್ಟು ತಿರುಗಿಸಿ ಕಾದರು. ಗಾಜಿನ ಲೋಟದೊಳಕ್ಕೆ ಒಂದು ಹನಿ, ಎರಡು ಹನಿ, ಆಮೇಲೆ ದಾರದಂತೆ ಎಳೆ. ಲೋಟವನ್ನು ಬೆಳಕಿಗೆ ಹಿಡಿದು ಮೇಷ್ಟರು ಕನ್ನಡಕವನ್ನು ಹಣೆಗೇರಿಸಿದರು. ತಳದಲ್ಲಿ ಹಸಿರಿನ ಗುಂಡುಹನಿಯಾಗಲಿ ನೀರಿನ ಪದರವಾಗಲಿ ಇರಲಿಲ್ಲ.

ಮೇಷ್ಟರು: ಇಲ್ಲವೆಂದ ಮೇಲೆ ಇಲ್ಲ ತಾನೆ?

ಮೇಸ್ತ್ರಿ: ಬಿಡಿ ನೀರು ಇಲ್ಲ, ಅಷ್ಟೆ. ಕಡೆದು ಎಣ್ಣೆಯೊಡನೆ ಒಂದಾದ ನೀರು ಕೆಳಗೆ ಕೂರುವುದಿಲ್ಲ. ಅದಕ್ಕೆ ತವದ ಪರೀಕ್ಷೆ. ಕಬ್ಬಿಣದ ತವವನ್ನು ಒಲೆಯ ಮೇಲೆ ನೀರು ಚಿಮುಕಿಸಿದರೆ ಕೂಡಲೆ ಸಿಡಿಯುವಷ್ಟು ಕಾಯಿಸಿ, ಹೊಗೆಯಾಡುವ ಮುನ್ನ ಒಂದು ಹನಿ ಎಣ್ಣೆ ಬಿಡಬೇಕು. ನೀರಿಲ್ಲದ ಎಣ್ಣೆ ಸುಮ್ಮನೆ ಹರಡುತ್ತದೆ. ಸಾವಿರಕ್ಕೆ ಒಂದು ಪಾಲು ನೀರಿದ್ದರೂ ಚಟಪಟಗುಟ್ಟುತ್ತದೆ. ಕಣ್ಣಿಗೆ ಕನ್ನಡಕ ಇಳಿಸಿಕೊಳ್ಳಿ, ದೂರ ನಿಲ್ಲಿ.

ಹನಿ ಹರಡಿತು, ಅಂಚಿನಲ್ಲಿ ಎರಡು ಸಣ್ಣ ಗುಳ್ಳೆಗಳೆದ್ದು ಆರಿದುವು, ಸದ್ದೇನೂ ಕೇಳಲಿಲ್ಲ.

ಮೇಷ್ಟರು: ಇದಕ್ಕೂ ತಾವೊಂದು ‘ಆದರೆ’ ಇಟ್ಟುಕೊಂಡಿರುವಿರಿ, ಮುಖದಲ್ಲೇ ಕಾಣುತ್ತಿದೆ.

ಮೇಸ್ತ್ರಿ: ಈ ‘ಆದರೆ’ಯನ್ನು ತಾವೇ ಹೇಳಬೇಕು. ಕೂಲೆಂಟಿನಲ್ಲಿರುವುದು ನೀರೊಂದೇ ಅಲ್ಲವಲ್ಲ.

ಮೇಷ್ಟರು: ಗ್ಲೈಕಾಲ್! ಅದರ ಕುದಿಬಿಂದು 197 ಡಿಗ್ರಿ. ಎಂಜಿನ್ನಿನ ಬಿಸಿಗೆ ನೀರು ಆರಿ ಹೋದರೂ ಗ್ಲೈಕಾಲ್ ಎಣ್ಣೆಯಲ್ಲೇ ಉಳಿಯುತ್ತದೆ, ತವ ಮೌನವಾಗಿರುತ್ತದೆ. ಉಳಿದು ಸುಮ್ಮನಿರುವುದೂ ಇಲ್ಲ. ಬಿಸಿಯಲ್ಲಿ ಗಾಳಿ ಸೋಕಿ ಗ್ಲೈಕಾಲಿಕ್, ಆಕ್ಸಾಲಿಕ್, ಫಾರ್ಮಿಕ್ ಆಮ್ಲಗಳಾಗುತ್ತದೆ. ಆ ಆಮ್ಲಗಳು ಬೇರಿಂಗಿನ ಮೆತ್ತಗಿನ ಲೋಹವನ್ನು ತಿನ್ನದೆ ಬಿಡುವುವೆ? ವಿಚಿತ್ರವೇನೆಂದರೆ, ಮನುಷ್ಯನಾಗಲಿ ನಾಯಿಯಾಗಲಿ ಗ್ಲೈಕಾಲನ್ನು ಕುಡಿದರೆ ದೇಹದೊಳಗೂ ಅದು ಆಕ್ಸಾಲಿಕ್ ಆಮ್ಲವಾಗಿ, ಸುಣ್ಣದಂಶದೊಡನೆ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಮೇಸ್ತ್ರಿ: ಅದು ಸಿಹಿ ಎಂಬುದೇ ಅನಾಹುತ. ಡಿಪೋದಲ್ಲಿ ಹಳಬರೊಬ್ಬರು ಎಣ್ಣೆಯನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟು ‘ಸಿಹಿಯಿದೆ, ನೀರು ಸೇರಿದೆ’ ಎನ್ನುತ್ತಿದ್ದರು, ಹುಡುಗರೂ ಕಲಿತರು. ನನ್ನ ಮಾಡಿನ ಕೆಳಗೆ ಆ ಪರೀಕ್ಷೆ ನಿಷಿದ್ಧ. ಇಳಿಸಿದ ಕೂಲೆಂಟನ್ನು ತೆರೆದ ಬೋಗುಣಿಯಲ್ಲಿ ಇಡುವುದೂ ನಿಷಿದ್ಧ. ಬೀದಿನಾಯಿ ಬಂದು ನೆಕ್ಕುತ್ತದೆ.

ಮೇಷ್ಟರು: ಹಾಗಾದರೆ ಗ್ಲೈಕಾಲನ್ನು ಕಂಡುಹಿಡಿಯುವುದು ಹೇಗೆ?

ಮೇಸ್ತ್ರಿ: ಲಾರಿಯ ಕಂಪೆನಿಗಳವರು, ದೊಡ್ಡ ಜನರೇಟರಿನವರು ಎಣ್ಣೆಯ ಮಾದರಿಯನ್ನು ಪ್ರಯೋಗಶಾಲೆಗೆ ಕಳುಹಿಸುತ್ತಾರೆ. ಕೂಲೆಂಟಿನಲ್ಲಿ ತುಕ್ಕು ತಡೆಯಲು ಬೆರೆಸಿದ ಸೋಡಿಯಂ, ಪೊಟ್ಯಾಸಿಯಂ ಲವಣಗಳು ನೀರಿನ ಹಾಗೆ ಆರಿ ಹೋಗುವುದಿಲ್ಲ. ಎಣ್ಣೆಯಲ್ಲಿ ಅವು ಏರಿದ್ದರೆ ಕಳ್ಳನ ಹೆಜ್ಜೆ ಸಿಕ್ಕಂತೆ. ಕೆಲವು ಎಣ್ಣೆಗಳಿಗೆ ಹುಟ್ಟಿನಿಂದಲೇ ಸೋಡಿಯಂ ಹಾಕಿರುತ್ತಾರಾದ್ದರಿಂದ ಅದೇ ಡಬ್ಬಿಯ ಹೊಸ ಎಣ್ಣೆಯನ್ನೂ ಜೊತೆಗೆ ಕಳುಹಿಸುವುದು ಜಾಣತನ. ತಮ್ಮ ಕಾರಿಗೆ ಅಷ್ಟು ದೂರ ಹೋಗಬೇಕಾಗಿಲ್ಲವೆಂದು ನನ್ನ ಊಹೆ. ಈಗ ಕೈಪಂಪು.

ಅದು ಸೈಕಲ್ ಪಂಪಿನ ತಮ್ಮನಂತಿದ್ದು, ಗಡಿಯಾರದಂಥ ಮೀಟರೊಂದನ್ನು ಹೊತ್ತಿತ್ತು. ತಣ್ಣಗಿದ್ದ ಟ್ಯಾಂಕಿನ ಮುಚ್ಚಳವನ್ನು ತೆಗೆದು ಮೇಸ್ತ್ರಿ ಅದರ ಮೇಲೆ ಅಚ್ಚೊತ್ತಿದ್ದ 1.1 ಎಂಬ ಅಂಕಿಯನ್ನು ಮೇಷ್ಟರಿಗೆ ತೋರಿಸಿ, ಪಂಪನ್ನು ಅಲ್ಲಿ ಬಿಗಿದು, ಮುಳ್ಳು ಆ ಅಂಕಿಗೆ ಬರುವ ತನಕ ಒತ್ತಿ ನಿಲ್ಲಿಸಿದರು.

ಮೇಸ್ತ್ರಿ: ಎಂಜಿನ್ನು ಕಾದಾಗ ಒಳಗಿರುವ ಒತ್ತಡವನ್ನು ಈಗ ತಣ್ಣಗಿರುವಾಗಲೇ ಹುಟ್ಟಿಸಿದ್ದೇವೆ. ಹದಿನೈದು ನಿಮಿಷ ಮುಳ್ಳು ಅಲುಗದಿದ್ದರೆ ಮಂಡಲ ಭದ್ರ. ಮುಳ್ಳು ಇಳಿದೂ ಹೊರಗೆಲ್ಲೂ ಒದ್ದೆಯಿಲ್ಲದಿದ್ದರೆ ಒಳಗೇ ಸೋರುತ್ತಿದೆಯೆಂದು ಅರ್ಥ. ಆಗ ನಾನೂ ಆ ಹುಡುಗನ ಪಕ್ಷವೇ.

ಮೇಷ್ಟರು: ಇಳಿಯುತ್ತಿದೆ, ಮೇಸ್ತ್ರಿಗಳೆ! 1.1 ಇದ್ದುದು 1ಕ್ಕೆ ಬಂದಿತು.

ಮೇಸ್ತ್ರಿ: ಗಾಬರಿ ಬೇಡ. ಟಾರ್ಚನ್ನು ಇತ್ತ ಹಿಡಿಯಿರಿ. ರೇಡಿಯೇಟರಿನ ಬುಡದ ಹೋಸು, ಅದರ ಕ್ಲಿಪ್ಪಿನ ಹಿಂಬದಿ. ಕಂಡಿರಾ? ಉಪ್ಪು ಒಣಗಿದಂತೆ ಹಸಿರು ಕಲೆ, ಅದರ ತುದಿಯಲ್ಲಿ ಈಗ ಕಟ್ಟುತ್ತಿರುವ ಹನಿ. ಕಾದಾಗ ಮಾತ್ರ ಸೋರುತ್ತದೆ, ಸೋರಿದ್ದು ನೆಲಕ್ಕೆ ಬೀಳದೆ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಮೇಲೆ ಬಿದ್ದು ಆರುತ್ತದೆ. ಅಂಗಳದಲ್ಲಿ ತಮಗೆ ಗುರುತು ಕಾಣುವುದಾದರೂ ಎಲ್ಲಿಂದ, ಅದೂ ಈ ಮಳೆಯಲ್ಲಿ?

ತುಕ್ಕು ಹಿಡಿದು ಬಿಗಿ ಕಳೆದುಕೊಂಡಿದ್ದ ಕ್ಲಿಪ್ಪನ್ನು ತೆಗೆದು, 80 ರೂಪಾಯಿಯ ಹೊಸದೊಂದನ್ನು ಹಾಕಿ, ಮತ್ತೆ 1.1ಕ್ಕೆ ಪಂಪು ಒತ್ತಿದರು. ಒಳಗಿನಿಂದ ಬಂದ ಕಾಫಿಯನ್ನು ಕುಡಿದು ಮುಗಿಸಿ, ಮೇಷ್ಟರು ತಮ್ಮ ತಂದೆಯವರ ಕಾಲದ ಜ್ವರಗಳ ವಿಚಾರವನ್ನು ಸವಿಸ್ತಾರವಾಗಿ ಹೇಳಿ ಮುಗಿಸಿದ ಮೇಲೂ ಮುಳ್ಳು ಇಟ್ಟಲ್ಲೇ ಇತ್ತು.

ಮೇಷ್ಟರು: ಒಂದು ವೇಳೆ ಒಳಗೇ ಸೋರಿದ್ದಿದ್ದರೆ?

ಮೇಸ್ತ್ರಿ: ಆಗ ಚಾವಿ ತಿರುಗಿಸಲು ಬಿಡುತ್ತಿರಲಿಲ್ಲ, ಮನೆಗೆ ಓಡಿಸಿಕೊಂಡು ಹೋಗಿ ನಾಳೆ ತರುತ್ತೇನೆಂಬ ಒಂದು ಕಿಲೋಮೀಟರಿನಲ್ಲೇ ಬೇರಿಂಗು ಹೋಗುವುದುಂಟು. ಮೊದಲು ಕೂಲರನ್ನು ಬಿಚ್ಚಿ ಬಕೆಟ್ಟಿಗೆ ಇಳಿಸುವುದು, ಅದು ನಿರ್ದೋಷಿಯಾದರಷ್ಟೇ ಹೆಡ್ಡು. ರಿಪೇರಿಯಾದ ಮೇಲೆಯೂ ಅಗ್ಗದ ಎಣ್ಣೆ ಹಾಕಿ, ಸ್ವಲ್ಪ ಹೊತ್ತು ಓಡಿಸಿ ಇಳಿಸಿ, ಹಾಲಿನ ಬಣ್ಣ ಹೋಗುವ ತನಕ ಹಾಗೆ ತೊಳೆದು, ಫಿಲ್ಟರು ಬದಲಾಯಿಸಬೇಕು. ಅದು ಬೇರೆ ಕಥೆ. ತಮ್ಮ ಕಥೆಯಲ್ಲಿ ಇನ್ನು ಉಳಿದಿರುವುದು ತಮ್ಮ ತಂದೆಯವರ ಪಟ್ಟಿಯ ನಾಲ್ಕನೆಯದು.

ಮೇಷ್ಟರು: ಉಪಶಯ! ಪಥ್ಯವನ್ನೋ ಔಷಧವನ್ನೋ ಕೊಟ್ಟು, ರೋಗವು ತಗ್ಗುವ ಬಗೆಯಿಂದ ರೋಗವನ್ನು ಅರಿಯುವುದು.

ಮೇಸ್ತ್ರಿ: ಮುಚ್ಚಳವನ್ನು ಒರೆಸಿ ಚೊಕ್ಕಟ ಮಾಡಿದ್ದೇನೆ, ಎಣ್ಣೆಯನ್ನೂ ಫಿಲ್ಟರನ್ನೂ ಬದಲಾಯಿಸುತ್ತೇನೆ. ಟ್ಯಾಂಕನ್ನು ಮೇಲಿನ ಗೆರೆಯ ತನಕ ತುಂಬಿ ಪಕ್ಕದಲ್ಲಿ ನನ್ನದೊಂದು ಕಪ್ಪು ಗೆರೆ ಎಳೆಯುತ್ತೇನೆ. ವಾರಕ್ಕೊಮ್ಮೆ ಶಿವಮೊಗ್ಗೆಯ ತನಕ, ಸುಮಾರು 60 ಕಿಲೋಮೀಟರ್, ಹೋಗಿ ಬನ್ನಿ; ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಒಂದು ತಿಂಗಳು ಬಿಟ್ಟು, ಬೆಳಿಗ್ಗೆ ಗಾಡಿ ತಣ್ಣಗಿರುವಾಗ ತನ್ನಿ.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಮೇಷ್ಟರು ಮತ್ತೆ ಬಂದರು. ಹಿಂದಿನ ಸಂಜೆಯೇ ಕಾರನ್ನು ತಂದು ನಿಲ್ಲಿಸಿದ್ದರು. ಮುಚ್ಚಳದ ಒಳಮೈಯಲ್ಲಿ ಎಳ್ಳುಕಾಳಿನಷ್ಟು ಬಿಳುಪಿತ್ತು. ಕಡ್ಡಿಯ ಮೇಲಿನ ಎಣ್ಣೆ ಇನ್ನೂ ಜೇನಿನ ಬಣ್ಣ ಕಳೆದುಕೊಂಡಿರಲಿಲ್ಲ. ಮೇಸ್ತ್ರಿ ಟ್ಯಾಂಕಿನ ಬದಿಗೆ ಟಾರ್ಚು ಹಿಡಿದು, ತಾವೆಳೆದ ಗೆರೆಯ ಮೇಲೆ ಉಗುರಿಟ್ಟು ನೋಡಿದರು.

ಮೇಸ್ತ್ರಿ: ಎಳ್ಳಿನಷ್ಟು ಬಿಳುಪು ಮಳೆಯ ಪಾಲು. ಗೆರೆ ಇಳಿದಿಲ್ಲ. ಹೆಡ್ ಇಳಿಸುವುದು ಬೇಡ.